ಬೆಡ್ ಚಾರ್ಟ್: 112%ರ ಚುಕ್ಕೆ ಕೊನೆಗೂ ಒಳಗೆ ಬಂತು

ಆಸ್ಪತ್ರೆಯ ವಾರ್ಡುಗಳು ಬೆಡ್‌ಗಳನ್ನ ಎಷ್ಟು ಚೆನ್ನಾಗಿ ಬಳಸ್ತಿವೆ ಅಂತ ಒಂದೇ ಚಿತ್ರದಲ್ಲಿ ತೋರಿಸೋ ಪಬೋನ್ ಲಾಸ್ಸೊ ಚಾರ್ಟ್ ಎಳೆಯೋದು ಹೇಗೆ ಅಂತ ಮತ್ತೆ ಶುರುವಿನಿಂದ ಹೇಳೋದಿಲ್ಲ. ಅಡ್ಡಕ್ಕೆ ಬೆಡ್ ಭರ್ತಿ ಪ್ರಮಾಣ, ಉದ್ದಕ್ಕೆ ಒಂದು ಬೆಡ್ಡಿಗೆ ಎಷ್ಟು ಡಿಸ್ಚಾರ್ಜ್, ಒಂದೊಂದು ವಾರ್ಡಿಗೆ ಒಂದೊಂದು ಚುಕ್ಕೆ, ಸರಾಸರಿ ಗೆರೆ ಎಳೆದರೆ ನಾಲ್ಕು ಮನೆ. 1986ರ ಕಾಲದ ಚಿತ್ರ, ಸ್ಪ್ರೆಡ್‌ಶೀಟ್ ಇದ್ದರೆ ಸಾಕು. ಪ್ರಾಣ ತಿಂದಿದ್ದು ಒಂದೇ ಚುಕ್ಕೆ: 30 ಬೆಡ್ಡಿನ ವಾರ್ಡ್, 30 ದಿನದ ತಿಂಗಳು, ಭರ್ತಿ 112%.

ಲಭ್ಯ ಬೆಡ್-ದಿನ 900. ಫೈಲಿನ ‘ತಂಗಿದ ದಿನ’ ಕಾಲಂ ಕೂಡಿಸಿದರೆ 1,008. ಡಿಸ್ಚಾರ್ಜ್, ಸಾವು ಎಲ್ಲ ಸೇರಿ 216. ಒಬ್ಬರು ಹೋಗಿ ಇನ್ನೊಬ್ಬರು ಬರೋವರೆಗೆ ಬೆಡ್ ಖಾಲಿ ಇರೋ ಅವಧಿ (900−1,008)÷216, ಅಂದರೆ ಮೈನಸ್ ಅರ್ಧ ದಿನ. ಹಳೇ ರೋಗಿ ಎದ್ದು ಹೋಗೋಕೆ 12 ಗಂಟೆ ಮೊದಲೇ ಹೊಸಬರು ಅದೇ ಬೆಡ್ಡಲ್ಲಿ ಮಲಗಿಬಿಟ್ಟಿದ್ದಾರೆ!

ಭರ್ತಿ 100% ದಾಟೋದೇ ಇಲ್ಲ ಅಂತಲ್ಲ. ಕಾರಿಡಾರಿನಲ್ಲಿ ಮಂಚ ಹಾಕಿದರೆ ದಾಟುತ್ತೆ. ಆದರೆ ಈ ವಾರ್ಡಿನ ರಾತ್ರಿ 12ರ ಎಣಿಕೆ ಒಂದು ದಿನವೂ 30ರ ಮೇಲೆ ಹೋಗಿಲ್ಲ. ಇಂಥಾ ಹೊತ್ತಲ್ಲಿ ಸಾಮಾನ್ಯವಾಗಿ ಮಾಡೋ ಕೆಲಸ ಅಂದರೆ ಛೇದಕ್ಕೆ ಕೈ ಹಾಕೋದು, ಬೆಡ್ ಸಂಖ್ಯೆ 34 ಅಂತ ತಿದ್ದಿ ಚುಕ್ಕೆಯನ್ನ ಒಳಗೆ ತಳ್ಳೋದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ರಾತ್ರಿ ಎಣಿಕೆಗಳ ಮೊತ್ತ 792. 1,008ರಲ್ಲಿ ಅದನ್ನ ಕಳೆದರೆ 216, ಸರಿಯಾಗಿ ಡಿಸ್ಚಾರ್ಜ್‌ಗಳಷ್ಟೇ! ಅಲ್ಲಿಗೆ ಕಳ್ಳ ಸಿಕ್ಕ. ಆ ಕಾಲಂ ಬಂದಿರೋದು ಬಿಲ್ಲಿಂಗ್ ಕಡೆಯಿಂದ. ಅಲ್ಲಿ ಅಡ್ಮಿಟ್ ಆದ ದಿನವನ್ನೂ ಎಣಿಸ್ತಾರೆ, ಬಿಡುಗಡೆಯ ದಿನವನ್ನೂ ಎಣಿಸ್ತಾರೆ. ಸೋಮವಾರ ಬಂದು ಬುಧವಾರ ಹೋದರೆ ಬಿಲ್ಲಲ್ಲಿ 3 ದಿನ, ಬೆಡ್ ಲೆಕ್ಕದಲ್ಲಿ 2 ರಾತ್ರಿ. ಪ್ರತಿ ಡಿಸ್ಚಾರ್ಜಿಗೂ ಒಂದೊಂದು ದಿನ ಉಬ್ಬಿಕೊಳ್ಳುತ್ತೆ. ತಿಂಗಳಾಚೆಗೆ ಚಾಚಿದ ವಾಸ್ತವ್ಯಗಳನ್ನ ತಿಂಗಳ ಗಡಿಗೆ ಕತ್ತರಿಸಿಕೊಂಡಿದ್ದರೆ ಮಾತ್ರ ವ್ಯತ್ಯಾಸ ಇಷ್ಟು ಕರಾರುವಾಕ್ಕಾಗಿ ಕೂಡುತ್ತೆ. ಸರಿಪಡಿಸಿದ ಮೇಲೆ ಭರ್ತಿ 88%, ಸರಾಸರಿ ವಾಸ್ತವ್ಯ 3.67 ದಿನ, ಖಾಲಿ ಅವಧಿ 12 ಗಂಟೆ. ಅಲ್ಪಾವಧಿ ರೋಗಿಗಳೇ ಜಾಸ್ತಿ ಇರೋ ವಾರ್ಡಲ್ಲಿ ಈ ಉಬ್ಬರ ಎದ್ದು ಕಾಣುತ್ತೆ. 20 ದಿನ ತಂಗುವ ವಾರ್ಡಲ್ಲಿ ಕಣ್ಣಿಗೇ ಬೀಳೋದಿಲ್ಲ, ಅದಕ್ಕೇ ಉಳಿದ ಚುಕ್ಕೆಗಳು ಸಭ್ಯವಾಗಿ ಕೂತಿದ್ದವು.

ಐಸಿಯುದ್ದು ಇದಕ್ಕೆ ತದ್ವಿರುದ್ಧ ತಕರಾರು. 8 ಬೆಡ್, 204 ರೋಗಿ-ದಿನ, ಸರಾಸರಿ ವಾಸ್ತವ್ಯ 34 ದಿನ ಅಂತ ತೋರಿಸ್ತಿತ್ತು. ಅಲ್ಲಿಂದ ನೇರವಾಗಿ ಡಿಸ್ಚಾರ್ಜ್ ಆದವರು, ತೀರಿಕೊಂಡವರು ಸೇರಿ 6 ಮಂದಿ; 45 ಮಂದಿ ವಾರ್ಡಿಗೆ ವರ್ಗವಾದವರು. ವರ್ಗವನ್ನೂ ಸೇರಿಸಿ 51ರಿಂದ ಭಾಗಿಸಿದರೆ 4 ದಿನ. ವಾರ್ಡ್ ಮಟ್ಟದ ಚಾರ್ಟಲ್ಲಿ ವರ್ಗಾವಣೆ ಸೇರಬೇಕು, ಇಡೀ ಆಸ್ಪತ್ರೆಯ ಚಾರ್ಟಲ್ಲಿ ಸೇರಬಾರದು. ಎರಡಕ್ಕೂ ಒಂದೇ ಶೀಟ್ ಬಳಸಿದರೆ ಏನೋ ಒಂದು ಕೆಡೋದು ಖಾತ್ರಿ.

ಬೆಡ್ ಸಂಖ್ಯೆಗೆ ಸಿಬ್ಬಂದಿ ಇರೋ, ರೋಗಿಯನ್ನ ಮಲಗಿಸಬಹುದಾದ ಬೆಡ್ಡನ್ನ ಮಾತ್ರ ತಗೊಳ್ಳಿ. ಮುರಿದ ಮಂಚ ಲೆಕ್ಕಕ್ಕುಂಟು ಆಟಕ್ಕಿಲ್ಲ. ಡೇ-ಕೇರ್ ರೋಗಿಗಳದ್ದು ಉಲ್ಟಾ: ಹಗಲೆಲ್ಲ ಬೆಡ್ಡಲ್ಲಿದ್ದು ರಾತ್ರಿ 12ಕ್ಕೆ ಮಾಯ, ಆಟಕ್ಕುಂಟು ಲೆಕ್ಕಕ್ಕಿಲ್ಲ. ಅವರನ್ನ ಹಿಡಿಯೋಕೆ ಗಂಟೆವಾರು ಎಣಿಕೆಯೇ ಆಗಬೇಕು. ಬಂದ ಸಮಯಕ್ಕೆ +1, ಹೋದ ಸಮಯಕ್ಕೆ −1 ಹಾಕಿ, ಸಮಯದ ಕ್ರಮದಲ್ಲಿ ಜೋಡಿಸಿ ಕೂಡಿಸ್ತಾ ಹೋಗಿ. ಒಂದೇ ನಿಮಿಷಕ್ಕೆ ಎರಡೂ ಬಿದ್ದರೆ −1 ಮೊದಲು, ಇಲ್ಲದಿದ್ದರೆ ಸುಳ್ಳು ಏರಿಕೆ ಕಾಣುತ್ತೆ. ಮೊದಲ ದಿನ ಆಗಲೇ ಒಳಗಿದ್ದವರ ಸಂಖ್ಯೆಯನ್ನ ಶುರುವಿಗೇ ಹಾಕದಿದ್ದರೆ ವಾರ್ಡ್ ಸೊನ್ನೆಯಿಂದ ತುಂಬಿದಂತೆ ಕಾಣುತ್ತೆ.

ಈ ಕೆಲಸಕ್ಕೆ ಅಡ್ಡಗಾಲು ಹಾಕೋರು ಡೇಟಾ ಕೊಡೋರು. ದಿನಾಂಕದ ಕಾಲಂ ಅರ್ಧ ಪಠ್ಯ, ಅರ್ಧ ದಿನಾಂಕ. ಡಿಸ್ಚಾರ್ಜ್ ಸಮಯ ನೋಡಿದರೆ ಸಾಲುಸಾಲಾಗಿ 23:59. ಊರಿಗೆ ಊರೇ ಒಂದೇ ನಿಮಿಷಕ್ಕೆ ಗುಣವಾಯ್ತಾ? ಸಮಯ ತುಂಬದ ದಾಖಲೆಗಳನ್ನ ಸಾಫ್ಟ್‌ವೇರ್ ದಿನದ ಕೊನೆಗೆ ತಾನೇ ಮುಚ್ಚಿದೆ, ಅಷ್ಟೇ. ಅಂಥ ಸಾಲುಗಳನ್ನ ಗುರುತು ಹಾಕಿ ಬೇರೆ ಇಡಿ, ಊಹೆಯ ಸಮಯ ತುಂಬೋಕೆ ಹೋಗಬೇಡಿ. ಉಳಿದ ಸಮಯಗಳಲ್ಲೂ ಎಷ್ಟೋ ಬಿಲ್ ಮುಗಿದ ಹೊತ್ತಿನವು, ಬೆಡ್ ಖಾಲಿಯಾದ ಹೊತ್ತಿನವಲ್ಲ.

ಮುಂದಿನ ಯೋಜನೆ ಎರ್ಲಾಂಗ್ ಸೂತ್ರ: ಬೇಡಿಕೆ ಇಷ್ಟು, ಬೆಡ್ ಇಷ್ಟು ಅಂದರೆ ಎಷ್ಟು ಮಂದಿಗೆ ಜಾಗ ಸಿಗೋದಿಲ್ಲ ಅಂತ ಹೇಳೋ ಲೆಕ್ಕ. 85% ಭರ್ತಿಯೇ ಸುರಕ್ಷಿತ ಮಿತಿ ಅಂತ ಎಲ್ಲರೂ ಮಂತ್ರ ಜಪಿಸ್ತಾರಲ್ಲ, ಅದಕ್ಕೆ ಕೈ ಹಾಕಬೇಕು. ಸರಾಸರಿ 8.5 ಬೆಡ್ಡಿನಷ್ಟು ಬೇಡಿಕೆ, ಇರೋದು 10 ಬೆಡ್ ಅಂದರೆ 100ರಲ್ಲಿ ಸುಮಾರು 14 ಮಂದಿಗೆ ಜಾಗ ಸಿಗೋದಿಲ್ಲ. ಅದೇ ಅನುಪಾತದಲ್ಲಿ 85 ಬೇಡಿಕೆಗೆ 100 ಬೆಡ್ ಇದ್ದರೆ ವಾಪಸ್ ಹೋಗೋರು 100ಕ್ಕೆ ಒಬ್ಬರೋ ಇಬ್ಬರೋ. ಸಣ್ಣ ವಾರ್ಡಿಗೂ ದೊಡ್ಡದಕ್ಕೂ ಒಂದೇ ಗೆರೆ ಎಳೆದರೆ ಹೇಗೆ? ಚಾರ್ಟಿನ ಚುಕ್ಕೆಗಳನ್ನ ಬೆಡ್ ಸಂಖ್ಯೆಗೆ ತಕ್ಕಂತೆ ದಪ್ಪ ಮಾಡೋ ಕೆಲಸ ಈಗಾಗಲೇ ಶುರುವಾಗಿದೆ. ಸದ್ಯಕ್ಕೆ ಐಸಿಯು ಚುಕ್ಕೆ ಪಕ್ಕದ ವಾರ್ಡಿನ ಅಡಿಯಲ್ಲಿ ಮುಚ್ಚಿಹೋಗ್ತಿದೆ.