ರೂಟ್ 1ರ ಬಿಳಿ ಬೋರ್ಡು ಮತ್ತು ಸಹಿ ಹಾಕದ ಜಾರ್ಜ್ ಮೇಸನ್

ವರ್ಜೀನಿಯಾದ ರಸ್ತೆ ಪಕ್ಕದಲ್ಲಿ ಬಿಳಿ ಹಲಗೆ, ಕಪ್ಪು ಅಕ್ಷರ, ನೆತ್ತಿಯ ಮೇಲೆ ರಾಜ್ಯದ ಮುದ್ರೆ ಇರುವ ಬೋರ್ಡುಗಳನ್ನು ನೋಡಿರುತ್ತೀರಿ. ಆಯಾ ಜಾಗದ ಇತಿಹಾಸ ಹೇಳುವ ಇವುಗಳನ್ನು 1927ರಿಂದ ನೆಡುತ್ತಾ ಬಂದಿದ್ದಾರೆ. ನಾನಂತೂ ವರ್ಷಗಟ್ಟಲೆ ಸುಮ್ನೆ ದಾಟಿ ಹೋದವನೇ. ಈ ಬೇಸಿಗೆಯಲ್ಲಿ ಊರಿಂದ ಅಪ್ಪ, ಅಮ್ಮ ಬಂದಿದ್ದರು. ಫೇರ್‌ಫ್ಯಾಕ್ಸ್ ಸ್ಟೇಷನ್‌ನ ದುರ್ಗಾ ದೇವಸ್ಥಾನ ಮುಗಿಸಿ ಲಾರ್ಟನ್ ಕಡೆ ಬಂದಾಗ ಅಪ್ಪ, "ಅದೇನೋ ಬರೆದಿದೆ, ನಿಲ್ಸು" ಅಂದರು.

ನಿಲ್ಲಿಸೋದು ಅಷ್ಟು ಸುಲಭವಲ್ಲ. ಬೋರ್ಡು ಇರುವ ರೂಟ್ 1 ಹೆದ್ದಾರಿಯಲ್ಲಿ ವಾಹನ ಜಾಸ್ತಿ. ನಾನು ದಾಟಿ ಹೋಗಿ ಯು-ಟರ್ನ್ ಹೊಡೆದೆ. ನೀವು ಆ ತಪ್ಪು ಮಾಡಬೇಡಿ. ಗನ್‌ಸ್ಟನ್ ರಸ್ತೆಗೆ ತಿರುಗಿ, ಕಾರನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿ ನಡೆದು ಬನ್ನಿ.

ಬೋರ್ಡು ಹೇಳುವುದು ಜಾರ್ಜ್ ಮೇಸನ್ ಅವರ ಮನೆ, ಗನ್‌ಸ್ಟನ್ ಹಾಲ್ ಬಗ್ಗೆ. ನಮ್ಮ ಎಷ್ಟೋ ಹುಡುಗರು ಇದೇ ಹೆಸರಿನ ಯೂನಿವರ್ಸಿಟಿಯಲ್ಲಿ ಓದುತ್ತಾರೆ, ಅಲ್ವಾ? ಆದರೆ ಮೇಸನ್ ಯಾರು ಅಂದರೆ ತಲೆ ಕೆರೆದುಕೊಳ್ಳುತ್ತಾರೆ. 1776ರ ಜೂನ್‌ನಲ್ಲಿ ವರ್ಜೀನಿಯಾ ಒಪ್ಪಿದ ಹಕ್ಕುಗಳ ಘೋಷಣೆಯ ಮುಖ್ಯ ಕರಡು ಇವರದು. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಅಮೆರಿಕದ ಸಂವಿಧಾನ ಸಿದ್ಧವಾದಾಗ ಅದಕ್ಕೆ ಸಹಿ ಹಾಕಲಿಲ್ಲ. ಈಗಿರುವ ಹಾಗೆ ಸಹಿ ಹಾಕುವುದಕ್ಕಿಂತ ಬಲಗೈಯನ್ನೇ ಕಡಿದುಕೊಂಡೇನು ಅಂದಿದ್ದರು. ಜನರ ಹಕ್ಕುಗಳ ಪಟ್ಟಿ ಅದರಲ್ಲಿ ಇಲ್ಲ ಅನ್ನೋದು ದೊಡ್ಡ ತಕರಾರು. ಆ ಪಟ್ಟಿ 1791ರಲ್ಲಿ ಸೇರಿತು. ಮರುವರ್ಷ ಮೇಸನ್ ತೀರಿಕೊಂಡರು. ಜೀವನವೆಲ್ಲ ಕಚೇರಿಯಲ್ಲಿ ಸಹಿ ಹಾಕಿ ನಿವೃತ್ತರಾದ ಅಪ್ಪ ಈ ಕಥೆಯನ್ನು ಎರಡು ಸಲ ಹೇಳಿಸಿಕೊಂಡರು.

ಬೋರ್ಡು ಓದಿ ವಾಪಸ್ ಹೋಗಬೇಡಿ. ಅಲ್ಲಿಂದ ಸುಮಾರು 6 ಕಿಲೋಮೀಟರ್ ಹೋದರೆ ಮನೆಯೇ ಸಿಗುತ್ತದೆ. ಜಾರ್ಜ್ ವಾಷಿಂಗ್ಟನ್ ಅವರ ಮನೆ ಮೌಂಟ್ ವರ್ನನ್‌ನ ನೂಕುನುಗ್ಗಲು ಇಲ್ಲಿಲ್ಲ. ಹೊರಗಿಂದ ನೋಡಿದರೆ ಸಾಧಾರಣ ಇಟ್ಟಿಗೆ ಮನೆ. ಒಳಗೆ ಹೋದರೆ ಮರದ ಕೆತ್ತನೆ ನೋಡಿ ಅಮ್ಮ ಬಾಗಿಲಲ್ಲೇ ನಿಂತುಬಿಟ್ಟರು. ಇದರ ಹಿಂದೆ ಇದ್ದವನು ವಿಲಿಯಂ ಬಕ್ಲೆಂಡ್, ಇಂಗ್ಲೆಂಡಿನಿಂದ ಕರಾರಿನ ಮೇಲೆ ಬಂದ ಬಡಗಿ. ಮನೆ ಮುಂದೆ ಚೆರ್ರಿ ಮರಗಳ ಸಾಲುಗಳಿದ್ದವು. ಬಾಗಿಲ ನಟ್ಟನಡುವೆ ನಿಂತರೆ ಮೊದಲಿನ ನಾಲ್ಕು ಮರ ಮಾತ್ರ ಕಾಣುತ್ತಿದ್ದವು, ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಇಡೀ ಸಾಲು ತೆರೆದುಕೊಳ್ಳುತ್ತಿತ್ತು ಎಂದು ಮೇಸನ್ ಅವರ ಮಗ ಬರೆದಿದ್ದಾರೆ. ಅಪ್ಪ ಅದೇ ಬಾಗಿಲಲ್ಲಿ ನಿಂತು ಎಡಕ್ಕೊಮ್ಮೆ, ಬಲಕ್ಕೊಮ್ಮೆ ಹೆಜ್ಜೆ ಇಟ್ಟು ನೋಡಿದರು.

ಅದೇ ಮಗನ ಬರಹದಲ್ಲಿ ಇನ್ನೊಂದು ಪಟ್ಟಿಯೂ ಇದೆ: ಬಡಗಿ, ಕಮ್ಮಾರ, ಚಮ್ಮಾರ, ನೇಕಾರ. ಎಲ್ಲರೂ ಮೇಸನ್ ಅವರ ಗುಲಾಮರು. ಗುಲಾಮಗಿರಿಯನ್ನು ನಿಧಾನವಾಗಿ ಕೊಲ್ಲುವ ವಿಷ ಅಂತ ಬರೆದ ಮನುಷ್ಯ, ತನ್ನ ಗುಲಾಮರನ್ನು ಮಾತ್ರ ಬಿಡುಗಡೆ ಮಾಡಲಿಲ್ಲ. ಗೈಡ್ ತಾವಾಗಿ ಈ ವಿಷಯಕ್ಕೆ ಬರದಿದ್ದರೆ ನೀವೇ ಕೇಳಿ.

ಬೆಳಿಗ್ಗೆಯೇ ಹೋಗಿ, ಒಳಗೆ ಯಾವಾಗ ಬಿಡುತ್ತಾರೆ ಅಂತ ಮೊದಲೇ ನೋಡಿಕೊಳ್ಳಿ. ಬುತ್ತಿ ಕಟ್ಟಿಕೊಳ್ಳಿ. ನಾವು ಚಿತ್ರಾನ್ನ ತಿಂದಿದ್ದು ಹತ್ತಿರದ ಮೇಸನ್ ನೆಕ್ ಸ್ಟೇಟ್ ಪಾರ್ಕಿನಲ್ಲಿ, ಪೊಟೊಮ್ಯಾಕ್ ನದಿ ನೋಡುತ್ತಾ. ಅದೃಷ್ಟವಿದ್ದರೆ ಬಿಳಿತಲೆ ಹದ್ದು ಕಾಣುತ್ತದೆ. ನಮಗೆ ಕಾಣಲಿಲ್ಲ. ಹುಲ್ಲಿನಲ್ಲಿ ಓಡಾಡುವಾಗ ಉದ್ದ ಪ್ಯಾಂಟು, ಕಾಲುಚೀಲ ಇರಲಿ, ಉಣ್ಣೆಹುಳದ ಕಾಟ ಇದೆ. ಮನೆಗೆ ಬಂದು ನೋಡಿದರೆ ಅಮ್ಮನ ಸೀರೆಯ ಅಂಚಿನಲ್ಲಿ ಒಂದು ಕೂತಿತ್ತು, ಎಳ್ಳಿನಷ್ಟು.