ಐಸು, ಮುರುಗಲ ತುಪ್ಪ ಮತ್ತು ಅಲುಗಾಡದ ಗೆರೆ

ಮೊದಲ ಭಾನುವಾರ

ಅಕ್ಕನ ಮಗಳು ಒಂಬತ್ತನೇ ಕ್ಲಾಸು. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಘನ, ದ್ರವ, ಅನಿಲ ಅಂತ ಥರ್ಮಾಕೋಲ್ ಮೇಲೆ ಗೋಲಿ ಅಂಟಿಸಲು ಹೊರಟಿದ್ದಳು. ಅದು ಬೇಡ, ಐಸು ಕರಗುವಾಗ ಉಷ್ಣತೆ ಏನಾಗುತ್ತದೆಂದು ಅಳೆದೇ ಬಿಡೋಣ ಅಂದೆ. ಫ್ರಿಜ್ಜಿನ ಟ್ರೇಯಲ್ಲಿ ಐಸು ಸಾಲದೆ ಬೈತಖೋಲ ಬಂದರಿನಿಂದ ಮೀನಿನ ಐಸು ತಂದೆ. ತಪ್ಪಾಗಿದ್ದು ಅಲ್ಲೇ.

ಥರ್ಮಾಮೀಟರ್ ಮೈನಸ್ 2ಕ್ಕೆ ಹೋಗಿ ಕೂತಿತು. "ಮಾಮಾ, ಇದು ಹಾಳಾಗಿದ್ಯಾ?" ನನಗೂ ಹಾಗೇ ಅನ್ನಿಸಿತು. ಕರಗಿದ ನೀರನ್ನು ನಾಲಿಗೆಗೆ ಮುಟ್ಟಿಸಿ ನೋಡಿದೆ (ಬಂಗಡೆ ವಾಸನೆ, ನೀವು ಮಾಡಬೇಡಿ): ಉಪ್ಪು! ಉಪ್ಪು ಬೆರೆತರೆ ಸೊನ್ನೆಗಿಂತ ಕೆಳಗೂ ಐಸು ಕರಗುತ್ತದೆ; ಸಮುದ್ರದ ನೀರು ಹೆಪ್ಪುಗಟ್ಟುವುದೂ ಸುಮಾರು ಮೈನಸ್ 2ಕ್ಕೇ.

ಎರಡನೇ ಭಾನುವಾರ

ಎರಡು ದಿನ ಟ್ರೇ ತುಂಬಿಸಿ ಕೂಡಿಟ್ಟ ಐಸು, 200 ಗ್ರಾಂ. ಪುಡಿ ಮಾಡಿ ಸ್ಟೀಲ್ ಲೋಟಕ್ಕೆ ಹಾಕಿ, ಕೆಳಗೆ ಮೇಣದಬತ್ತಿ. ಅವಳು ನಿಮಿಷಕ್ಕೊಮ್ಮೆ ಬರೆದುಕೊಂಡಳು: 0, 0, 0, 0... ಹತ್ತು ಸೊನ್ನೆ ಆದ ಮೇಲೆ ಮುನಿಸಿಕೊಂಡಳು. ಕೆಳಗೆ ಬೆಂಕಿ ಇದೆ, ಕಲಕುತ್ತಲೇ ಇದ್ದೇವೆ, ಪಾದರಸ ಮಾತ್ರ ಮಿಸುಕುತ್ತಿಲ್ಲ. ಕೊನೆಯ ಚೂರು ಕರಗಿದ್ದು 26ನೇ ನಿಮಿಷಕ್ಕೆ. ಆಮೇಲೆ ಸರಸರ ಏರಿತು.

ಆ ಶಾಖವೆಲ್ಲ ಕಣಗಳ ಹಿಡಿತ ಸಡಿಲಿಸಲು ಖರ್ಚಾಗಿತ್ತು. ಪುಸ್ತಕದಲ್ಲಿ ಇದಕ್ಕೆ ಗುಪ್ತೋಷ್ಣ ಅನ್ನುತ್ತಾರೆ. ಒಂದು ಗ್ರಾಂ ಐಸಿಗೆ 334 ಜೂಲ್. ಅಷ್ಟೇ ಶಾಖ ಕೊಟ್ಟರೆ ಒಂದು ಗ್ರಾಂ ನೀರು ಸೊನ್ನೆಯಿಂದ ಹತ್ತಿರಹತ್ತಿರ 80 ಡಿಗ್ರಿಗೆ ಏರುತ್ತದೆ. ಈ ಲೆಕ್ಕ ಕೇಳಿ ಅವಳ ಮುನಿಸು ಇಳಿಯಿತು. ಗ್ರಾಫ್ ಹಾಳೆಯಲ್ಲಿ ಆ ಮಲಗಿದ ಗೆರೆಗೆ ಕೆಂಪು ಸ್ಕೆಚ್ ಪೆನ್ನು.

ಮೂರನೇ ಭಾನುವಾರ

ಹಿಮ್ಮಡಿಗೆ ಹಚ್ಚುವ ಮುರುಗಲ ತುಪ್ಪದ (ಕೋಕಂ ಬೀಜದ ಕೊಬ್ಬು) ಉಂಡೆಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿದೆವು. ಇದರಲ್ಲೂ ಅಂಥದೇ ಗೆರೆ ಬಂದೀತೆಂದುಕೊಂಡಿದ್ದೆ, ಬರಲಿಲ್ಲ. 36ಕ್ಕೆ ಮೆತ್ತಗಾಗತೊಡಗಿ 41ಕ್ಕೆ ಪೂರ್ತಿ ತಿಳಿಯಾಯಿತು, ನಡುವೆ ಓರೆ ಏರು. ತುಪ್ಪ ಒಂದೇ ವಸ್ತುವಲ್ಲ, ಬೇರೆಬೇರೆ ಕೊಬ್ಬುಗಳ ಮಿಶ್ರಣ. ಕೆಲವು ಬೇಗ ಕರಗುತ್ತವೆ, ಕೆಲವು ತಡವಾಗಿ. ನನಗಂತೂ ಐಸಿಗಿಂತ ಇದೇ ಹೆಚ್ಚು ಹಿಡಿಸಿತು.

ತೆಂಗಿನೆಣ್ಣೆ ಬಾಕಿ. ಅದು 24 ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ. ಕಾರವಾರದ ನಮ್ಮ ಮನೆಯ ಬಾಟಲಿ ಮಧ್ಯಾಹ್ನ ನೀರಿನಂತಿತ್ತು. ಸುಮಾರು 600 ಮೀಟರ್ ಎತ್ತರದ ಶಿರಸಿಯಿಂದ ಅತ್ತೆ ಬೆಳಿಗ್ಗೆಯೇ ಫೋಟೊ ಕಳಿಸಿದ್ದರು: ಬಾಟಲಿ ತಲೆಕೆಳಗಾಗಿದೆ, ಎಣ್ಣೆ ಇಳಿದಿಲ್ಲ.