ಹತ್ತುವಾಗ ಇಲ್ಲದ ಹೊಗೆ

ಏಳೆಂಟು ಸಲ ಕಿಕ್ಕರ್ ಹೊಡೆದ ಮೇಲೆ ಎಂಜಿನ್ ಹಿಡಿಯಿತು. ಹಿಡಿದ ಕೂಡಲೇ ಶೆಡ್ ತುಂಬ ಹೊಗೆ. ಎಲ್ಲೋ ಬೆಂಕಿ ಬಿದ್ದಿದೆ ಅಂದುಕೊಂಡು ಅಮ್ಮ ಅಡುಗೆಮನೆಯಿಂದ ಓಡಿ ಬಂದರು. ನನಗೆ ಮಾತ್ರ ಕಣ್ಣು ಉರಿಯುತ್ತಿದ್ದರೂ ಖುಷಿ. ಎಂಟು ವರ್ಷ ಮೂಲೆಯಲ್ಲಿ ನಿಂತಿದ್ದ ಗಾಡಿ ಅದು.

ಅಪ್ಪನ ಯಮಹಾ ಆರ್‌ಎಕ್ಸ್ 100. ಈ ಗಾಡಿ ನಮ್ಮ ದೇಶದಲ್ಲಿ 1985ರಿಂದ 1996ರವರೆಗೆ ತಯಾರಾಯಿತು. 98 ಸಿಸಿಯ ಟೂ ಸ್ಟ್ರೋಕ್ ಗಾಡಿ, ಅಷ್ಟೇ. ಆದರೆ ಮಡಿಕೇರಿ ಕಡೆಯ ಏರಿನಲ್ಲಿ ಅದು ಹತ್ತುವ ರೀತಿ ನೋಡಿದವರು ಸಿಸಿ ಲೆಕ್ಕ ಕೇಳುವುದಿಲ್ಲ. ನಾನು ಅದಕ್ಕೆ ಬಟನ್ ಟಯರ್ ಹಾಕಿಸಿದ್ದೆ. ಮುಂದಿನ ಮಡ್‌ಗಾರ್ಡ್ ಎತ್ತರಿಸಿ, ಅಗಲದ ಹ್ಯಾಂಡಲ್ ಕೂರಿಸಿದ್ದೆ. ಕಾಫಿ ತೋಟದ ಕೆಸರು ದಾರಿಗೆ, ಗದ್ದೆಯಲ್ಲಿ ಹುಡುಗರ ಜೊತೆ ಓಡಿಸುವುದಕ್ಕೆ ಒಂದು ಡರ್ಟ್ ಬೈಕ್ ಬೇಕಿತ್ತು. ಹೊಸದು ಕೊಳ್ಳುವಷ್ಟು ದುಡ್ಡು ಇರಲಿಲ್ಲ. ಇದ್ದರೂ ಇದನ್ನೇ ಮಾಡುತ್ತಿದ್ದೆ.

ಎಂಜಿನ್ ಪೂರ್ತಿ ಬಿಚ್ಚಿದ್ದು ನಾನೇ. 50 ಮಿ.ಮೀ. ಇದ್ದ ಸಿಲಿಂಡರನ್ನು ಲೇತ್‌ನಲ್ಲಿ 50.50ಕ್ಕೆ ಬೋರ್ ಮಾಡಿಸಿದೆ. ಅದಕ್ಕೆ ತಕ್ಕ ಪಿಸ್ಟನ್, ರಿಂಗ್, ಕಾನ್ರಾಡ್ ಕಿಟ್, ಬೇರಿಂಗ್, ಸೀಲ್, ಗ್ಯಾಸ್ಕೆಟ್ ಎಲ್ಲ ಹೊಸದು. ಆಷಾಢದ ಮಳೆ. ನಮ್ಮೂರು ಮದೆನಾಡಿನಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಹೇಳುವುದು ಕಷ್ಟ. ಪಿಸ್ಟನ್ ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್, ಕೂರಿಸಿ ಕೇಸ್ ಮುಚ್ಚಿದ್ದು ಒಂದು ರಾತ್ರಿ, ಟಾರ್ಚ್ ಬೆಳಕಿನಲ್ಲಿ.

ಮೊದಲ ದಿನದ ಹೊಗೆಗೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಜೋಡಿಸುವಾಗ ಬೇರಿಂಗಿಗೂ ಸಿಲಿಂಡರಿಗೂ ಎಣ್ಣೆ ಸವರಿರುತ್ತೇವೆ. ಸೈಲೆನ್ಸರ್ ಒಳಗೆ ಹಳೆ ಎಣ್ಣೆ ಅಂಟಿಕೊಂಡಿರುತ್ತದೆ. ಅದೆಲ್ಲ ಉರಿದು ಹೋಗಬೇಕು. ಎರಡನೇ ದಿನವೂ ಹೊಗೆ. ಮೂರನೇ ದಿನವೂ.

ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು. "ರಿಂಗ್ ಕೂತಿಲ್ಲ, ಮತ್ತೆ ಬೋರ್ ಮಾಡಿಸು." ಇದು ಫೋರ್ ಸ್ಟ್ರೋಕ್ ಗಾಡಿಯ ಲೆಕ್ಕ. ಅಲ್ಲಿ ಪಿಸ್ಟನ್ ಕೆಳಗೆ ಎಂಜಿನ್ ಆಯಿಲ್ ಇರುತ್ತದೆ, ರಿಂಗ್ ಸವೆದರೆ ಆ ಎಣ್ಣೆ ಮೇಲೆ ಬಂದು ಉರಿಯುತ್ತದೆ. ಟೂ ಸ್ಟ್ರೋಕ್‌ನಲ್ಲಿ ಪಿಸ್ಟನ್ ಕೆಳಗೆ ಎಣ್ಣೆಯ ಕೊಳವೇ ಇಲ್ಲ. ಅಲ್ಲಿ ಓಡಾಡುವುದು ಪೆಟ್ರೋಲ್, ಗಾಳಿ ಮತ್ತು ಅದರ ಜೊತೆ ಬಂದು ಉರಿದು ಹೋಗುವ ಟೂಟಿ ಆಯಿಲ್ (ಟೂ ಸ್ಟ್ರೋಕ್ ಎಣ್ಣೆ). ಗೇರ್ ಆಯಿಲ್ ಪಕ್ಕದ ಕೋಣೆಯಲ್ಲಿ ಬೇರೆಯೇ ಇರುತ್ತದೆ. ರಿಂಗ್ ಕೆಟ್ಟರೆ ಕಂಪ್ರೆಷನ್ ಬೀಳುತ್ತದೆ, ಎಳೆತ ಕಡಿಮೆಯಾಗುತ್ತದೆ. ನನ್ನ ಗಾಡಿಗೆ ಕಿಕ್ಕರ್ ಹೊಡೆದರೆ ಕಾಲಿಗೆ ಗಟ್ಟಿಯಾಗಿ ಸಿಗುತ್ತಿತ್ತು, ಎಳೆತವೂ ಚೆನ್ನಾಗಿತ್ತು. ಹಾಗಿರುವಾಗ ಸುಮ್ನೆ ಯಾಕೆ ಸಿಲಿಂಡರ್ ತೆಗೆಯಬೇಕು, ಅಲ್ವಾ?

ಹೆಡ್ ಗ್ಯಾಸ್ಕೆಟ್ ಅಂತಲೂ ಒಬ್ಬರು ಹೇಳಿದರು. ಕೂಲೆಂಟ್ ಇರುವ ದೊಡ್ಡ ಡರ್ಟ್ ಬೈಕ್ ಆಗಿದ್ದರೆ ನಾನೂ ಅದನ್ನೇ ಮೊದಲು ನೋಡುತ್ತಿದ್ದೆ. ನಮ್ಮದು ಗಾಳಿಯಿಂದ ತಣ್ಣಗಾಗುವ ಎಂಜಿನ್, ಗ್ಯಾಸ್ಕೆಟ್ ಬಿಟ್ಟರೂ ಒಳಗೆ ಸೋರಿ ಹೊಗೆಯಾಗಲು ಕೂಲೆಂಟೇ ಇಲ್ಲ.

ಹಾಗಾಗಿ ಹೊರಗಿನಿಂದ ಶುರು ಮಾಡಿದೆ. ಮೊದಲು ಸಿಕ್ಕಿದ್ದು ನಾನೇ ಮಾಡಿದ ತಪ್ಪು. ಈ ಗಾಡಿಯಲ್ಲಿ ಟೂಟಿ ಆಯಿಲ್‌ಗೆ ಬೇರೆ ಟ್ಯಾಂಕ್ ಇದೆ, ಪಂಪ್ ಅದನ್ನು ಎಂಜಿನ್‌ಗೆ ಕೊಡುತ್ತದೆ. ಹೊಸ ಪಿಸ್ಟನ್ ಬಿಸಿಗೆ ಸಿಲಿಂಡರಿನಲ್ಲಿ ಸಿಕ್ಕಿ ಹಿಡಿದುಕೊಂಡರೆ ಅನ್ನುವ ಭಯಕ್ಕೆ ನಾನು ಪೆಟ್ರೋಲ್‌ಗೂ ಲೀಟರಿಗೆ 40 ಎಂ.ಎಲ್. ಆಯಿಲ್ ಬೆರೆಸಿದ್ದೆ. 25ಕ್ಕೆ ಒಂದು. ಪಂಪ್ ಇಲ್ಲದ ಗಾಡಿಗೆ ಅದೇ ಸಾಕು. ಪಂಪ್ ಕೂಡ ಓಡುತ್ತಿದ್ದರೆ ಎಣ್ಣೆ ದುಪ್ಪಟ್ಟು. ಟ್ಯಾಂಕ್ ಖಾಲಿ ಮಾಡಿ ಬರೀ ಪೆಟ್ರೋಲ್ ಹಾಕಿದೆ. ಪಂಪಿನ ಕೇಬಲ್ ಗುರುತಿಗೆ ಸರಿಯಾಗಿ ಇದೆಯಾ ಅಂತ ನೋಡಿದೆ. ಸೈಲೆನ್ಸರ್ ಒಳಗಿನ ಕೊಳವೆ ತೆಗೆದು ಬಚ್ಚಲು ಒಲೆಯ ಕೆಂಡದಲ್ಲಿ ಸುಟ್ಟು, ತಂತಿ ಬ್ರಷ್‌ನಿಂದ ಉಜ್ಜಿದೆ. ಹೊಗೆ ಅರ್ಧಕ್ಕೆ ಇಳಿಯಿತು. ನಿಲ್ಲಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಮಳೆಗಾಲದ ಬೆಳಗ್ಗೆ ಯಾವ ಗಾಡಿ ಸ್ಟಾರ್ಟ್ ಮಾಡಿದರೂ ಹಿಂದೆ ಬಿಳಿ ಕಾಣುತ್ತದೆ. ಅದು ನೀರಾವಿ. ಎರಡು ಮಾರು ಹೋಗುವಷ್ಟರಲ್ಲಿ ಕರಗುತ್ತದೆ. ಎಣ್ಣೆಯ ಹೊಗೆ ಹಾಗಲ್ಲ. ಸ್ವಲ್ಪ ನೀಲಿ ಇರುತ್ತದೆ, ಕಾಫಿ ಗಿಡಗಳ ನಡುವೆ ಹಾಗೇ ನೇತಾಡುತ್ತದೆ, ಬಟ್ಟೆಗೆ ವಾಸನೆ ಹಿಡಿಯುತ್ತದೆ. ನನ್ನದು ಎರಡನೆಯದು.

ನಾಲ್ಕನೇ ದಿನ ಮನೆಯಿಂದ ಮಡಿಕೇರಿಗೆ ಹೊರಟೆ, ಗ್ಯಾರೇಜಿನ ಅಣ್ಣನಿಗೆ ತೋರಿಸೋಣ ಅಂತ. ದಾರಿ ಪೂರ್ತಿ ಏರು. ಅಲ್ಲಿ ಮುಟ್ಟುವಾಗ ಹೊಗೆಯೇ ಇಲ್ಲ! ಅಣ್ಣ ಹಿಂದೆ ನಿಂತು ಎರಡು ನಿಮಿಷ ನೋಡಿದರು. "ಎಲ್ಲಿದೆ ಮಾರಾಯ ಹೊಗೆ?" ಅಂದರು. ಉತ್ತರ ಹೇಳಲು ಆಗಲಿಲ್ಲ. ಆಮೇಲೆ ಅವರೇ ಕೇಳಿದರು, "ಇಳಿಯುವಾಗ ನೋಡಿದ್ದೀಯಾ?"

ನಾನು ಹಾಗೆ ಯೋಚನೆಯೇ ಮಾಡಿರಲಿಲ್ಲ. ಅವರು ತಮ್ಮ ಗಾಡಿ ತೆಗೆದು ಹಿಂದೆ ಬಂದರು. ಸಂಪಾಜೆ ದಾರಿ ಇಳಿದೆವು. ಮದೆನಾಡು ದಾಟಿದೆವು, ಜೋಡುಪಾಲದ ತನಕ ಥ್ರಾಟಲ್ ಮುಚ್ಚಿ, ಗೇರಿನಲ್ಲೇ ಬಿಟ್ಟುಕೊಂಡು ಬಂದೆ. ಕೆಳಗೆ ದಾರಿ ಸಮವಾದ ಕಡೆ ಥ್ರಾಟಲ್ ಕೊಟ್ಟೆ. ಕನ್ನಡಿಯಲ್ಲಿ ಅಣ್ಣ ಕಾಣಲಿಲ್ಲ. ಅವರ ಹೆಡ್‌ಲೈಟ್ ಕೂಡ ಕಾಣಲಿಲ್ಲ. ಅಷ್ಟು ಹೊಗೆ.

ಗಾಡಿ ನಿಲ್ಲಿಸಿ, ಅವರು ಸೈಲೆನ್ಸರ್ ತುದಿಗೆ ಒಂದು ಬಿಳಿ ಕಾಗದ ಹಿಡಿದರು. ದಪ್ಪ ಕಪ್ಪು ಹನಿಗಳು ಬಿದ್ದವು. ಮೂಸಿ ನೋಡಿದರು. "ಇದು ಟೂಟಿ ಅಲ್ಲ. ಗೇರ್ ಆಯಿಲ್. ರೈಟ್ ಸೈಡ್ ಸೀಲ್ ಹೋಗಿದೆ."

ದಾರಿ ಬದಿಯಲ್ಲಿ ನಿಂತೇ ಅವರು ಬಿಡಿಸಿ ಹೇಳಿದರು. ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ ಕೇಸ್ ಒಂದು ಪಂಪ್ ಇದ್ದ ಹಾಗೆ. ಪಿಸ್ಟನ್ ಮೇಲೆ ಹೋದಾಗಲೆಲ್ಲ ಕೆಳಗೆ ಗಾಳಿ ಹೀರುವ ಎಳೆತ ಹುಟ್ಟುತ್ತದೆ. ಥ್ರಾಟಲ್ ತೆರೆದಿದ್ದರೆ ಕಾರ್ಬೊರೇಟರ್‌ನಿಂದ ಬೇಕಾದಷ್ಟು ಗಾಳಿ ಬರುತ್ತದೆ. ಇಳಿಜಾರಿನಲ್ಲಿ ಥ್ರಾಟಲ್ ಮುಚ್ಚಿದೆ, ಎಂಜಿನ್ ಮಾತ್ರ ಜೋರಾಗಿ ತಿರುಗುತ್ತಿದೆ. ಆಗ ಎಳೆತ ಜಾಸ್ತಿ, ಗಾಳಿ ಕಡಿಮೆ. ಎಲ್ಲಿ ಸಂದು ಇದೆಯೋ ಅಲ್ಲಿಂದ ಎಳೆಯುತ್ತದೆ. ಬಲಗಡೆ ಕ್ಲಚ್ ಇದೆ, ಗೇರ್ ಆಯಿಲ್ ಇದೆ. ಎರಡು ಕೋಣೆಗೂ ನಡುವೆ ಇರುವುದು ಆ ಒಂದು ರಬ್ಬರ್ ಸೀಲ್. ಅದು ಬಿಟ್ಟರೆ ಎಣ್ಣೆ ಒಳಗೆ ಬಂದು ನಿಲ್ಲುತ್ತದೆ, ಮತ್ತೆ ಥ್ರಾಟಲ್ ಕೊಟ್ಟಾಗ ಒಟ್ಟಿಗೆ ಉರಿಯುತ್ತದೆ.

ಮನೆಗೆ ಬಂದು ಗೇರ್ ಆಯಿಲ್ ಇಳಿಸಿ ಅಳೆದೆ. ಹಾಕಿದ್ದು 650 ಎಂ.ಎಲ್. ಬಂದಿದ್ದು 510. ಹೊರಗೆ ಒಂದು ಹನಿ ಸೋರಿರಲಿಲ್ಲ. 140 ಎಂ.ಎಲ್. ಎಣ್ಣೆ ಎಲ್ಲಿ ಹೋಯಿತು ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು? ಈ ಅಳತೆ ಮೊದಲ ದಿನವೇ ಮಾಡಬಹುದಿತ್ತು. ಒಂದು ಸ್ಪ್ಯಾನರ್, ಒಂದು ಅಳತೆ ಲೋಟ ಸಾಕು.

ಎಂಜಿನ್ ಮತ್ತೆ ಕೆಳಗಿಳಿಯಿತು. ಈ ಸಲ ಅಣ್ಣನ ಗ್ಯಾರೇಜಿನಲ್ಲಿ, ಹಗಲು ಬೆಳಕಿನಲ್ಲಿ. ಸೀಲಿನ ತುಟಿಯನ್ನು ಕ್ರ್ಯಾಂಕಿಗೆ ಒತ್ತಿ ಹಿಡಿಯಲು ಕೂದಲೆಳೆಯಂಥ ಒಂದು ಸುರುಳಿ ಸ್ಪ್ರಿಂಗ್ ಇರುತ್ತದೆ. ಅದು ತನ್ನ ಜಾಗದಿಂದ ಎದ್ದು ಬಂದಿತ್ತು. ತುಟಿ ಒಂದು ಕಡೆ ಒಳಕ್ಕೆ ಮಡಚಿತ್ತು. ಆ ರಾತ್ರಿ ನಾನು ಗ್ರೀಸ್ ಸವರದೆ ಕ್ರ್ಯಾಂಕ್ ತಳ್ಳಿದ್ದೆ. ಅಣ್ಣ ಬೈಯಲಿಲ್ಲ. ಹೊಸ ಸೀಲ್ ನನ್ನ ಕೈಗೇ ಕೊಟ್ಟು, ತುಟಿಗೆ ಗ್ರೀಸ್ ಹಚ್ಚಿ ಬೆರಳಲ್ಲಿ ಸುತ್ತ ಸವರಿ ನೋಡಲು ಹೇಳಿದರು. ನಾನೇ ಕೂರಿಸಿದೆ.

ಎಡಗಡೆಯ ಸೀಲ್ ನೋಡಲು ಚೆನ್ನಾಗಿಯೇ ಇತ್ತು. ಅದನ್ನೂ ಬದಲಾಯಿಸಿದರು. ಆ ಕಡೆ ಕಿಡಿಗೆ ಕರೆಂಟ್ ಕೊಡುವ ಮ್ಯಾಗ್ನೆಟ್, ಎಣ್ಣೆ ಇಲ್ಲ. ಅದು ಬಿಟ್ಟರೆ ಹೊಗೆ ಬರುವುದಿಲ್ಲ, ಬರೀ ಗಾಳಿ ಒಳಗೆ ಹೋಗುತ್ತದೆ. ಪೆಟ್ರೋಲ್ ಅಂಶ ಕಡಿಮೆಯಾಗಿ ಎಂಜಿನ್ ವಿಪರೀತ ಬಿಸಿಯಾಗುತ್ತದೆ, ಪಿಸ್ಟನ್ ಹಿಡಿದುಕೊಳ್ಳುತ್ತದೆ. ನನಗೆ ಈಗ ಹೊಗೆ ಕೊಡುವ ಸೀಲಿಗಿಂತ ಈ ಸುಮ್ಮನಿರುವ ಸೀಲಿನ ಭಯವೇ ಜಾಸ್ತಿ.

ಜೋಡಿಸಿ ಸ್ಟಾರ್ಟ್ ಮಾಡಿದರೆ ಮತ್ತೆ ಹೊಗೆ! ಎದೆ ಧಸಕ್ಕೆಂದಿತು. "ಸೈಲೆನ್ಸರ್ ಒಳಗಿರುವ ಗೇರ್ ಆಯಿಲ್ ಯಾರು ಕುಡೀತಾರೆ? ಓಡಿಸು" ಅಂದರು ಅಣ್ಣ. ಮಡಿಕೇರಿಯಿಂದ ಸಂಪಾಜೆಗೆ ಇಳಿದು, ಹತ್ತಿ, ಮತ್ತೆ ಇಳಿದೆ. ಎರಡನೇ ಇಳಿತದಲ್ಲಿ ಜೋಡುಪಾಲದ ಹತ್ತಿರ ಥ್ರಾಟಲ್ ಕೊಟ್ಟಾಗ ಕನ್ನಡಿಯಲ್ಲಿ ಹಿಂದಿನ ತಿರುವು ಪೂರ್ತಿ ಕಂಡಿತು.

200 ಕಿ.ಮೀ. ಆದ ಮೇಲೆ ಗೇರ್ ಆಯಿಲ್ ಮತ್ತೆ ಇಳಿಸಿ ಅಳೆದೆ. ಲೋಟದಲ್ಲಿ 640. ಉಳಿದ ಹತ್ತು ಎಂ.ಎಲ್. ಕ್ಲಚ್ ಪ್ಲೇಟಿಗೆ ಅಂಟಿಕೊಂಡಿರುತ್ತದೆ ಅಂತ ಅಣ್ಣ ಮೊದಲೇ ಹೇಳಿದ್ದರು.